ಕೂಫಾದ ದಂಡು, ಕರ್ಬಲಾದ ಬಯಲು

ಬೆಂಗಳೂರಿನ ದಂಡುಪ್ರದೇಶದಲ್ಲಿ, ಕನ್ನಿಂಗ್‌ಹ್ಯಾಮ್ ರಸ್ತೆಯ ಆಸುಪಾಸಿನಲ್ಲಿ, ಅಲಿ ಅಸ್ಕರ್ ರಸ್ತೆಯೆಂಬುದೊಂದುಂಟು. ಯಾರ ಹೆಸರನ್ನು ಆ ರಸ್ತೆ ಹೊತ್ತಿದೆಯೋ ಆತನು ಪಾರಸೀಕ ದೇಶದ ಶಿರಾಜ್ ನಗರದವನು; 1824ರಲ್ಲಿ, ಹದಿನಾರು ವರ್ಷದ ಎಳೆಯ ಪ್ರಾಯದಲ್ಲಿ, ಕುದುರೆಗಳ ಹಿಂಡಿನೊಡನೆ ಈ ಊರಿಗೆ ಬಂದು, ಇಂಗ್ಲಿಷರ ಅಶ್ವದಳಕ್ಕೂ ಮುಮ್ಮಡಿ ಕೃಷ್ಣರಾಜ ಒಡೆಯರ ಲಾಯಕ್ಕೂ ಉತ್ತಮ ಜಾತಿಯ ಕುದುರೆಗಳನ್ನು ಒದಗಿಸಿ, ಕಮಿಷನರ್ ಮಾರ್ಕ್ ಕಬ್ಬನ್ನರ ವಿಶ್ವಾಸವನ್ನು ಸಂಪಾದಿಸಿ, ದಂಡಿನಲ್ಲಿ ಬಂಗಲೆಯ ಮೇಲೆ ಬಂಗಲೆಯನ್ನು ಕಟ್ಟಿಸಿ, 1891ರಲ್ಲಿ ತೀರಿಕೊಂಡವನು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಈತನ ಮೊಮ್ಮಗ. ಆ ಮನೆತನ ಶಿಯಾ ಪಂಥಕ್ಕೆ ಸೇರಿದ್ದು. ಕುದುರೆಗಳೊಡನೆ ಅದು ದಂಡಿಗೆ ತಂದ ಇನ್ನೊಂದು ಸಂಪತ್ತೆಂದರೆ, ಕ್ರಿ.ಶ. 680ರಲ್ಲಿ ಇರಾಕಿನ ಬಯಲೊಂದರಲ್ಲಿ ಒಂದೇ ಹಗಲಿನೊಳಗೆ ಮುಗಿದುಹೋದ ಒಂದು ಸೋಲಿನ ನೆನಪು.

ರಿಚ್‌ಮಂಡ್ ಟೌನಿನ ಜಾನ್ಸನ್ ಮಾರ್ಕೆಟ್ಟಿನ ಬಳಿಯಿರುವ ಮಸ್ಜಿದ್-ಎ-ಅಸ್ಕರಿಯ ಸುತ್ತ, ಮೊಹರಂ ತಿಂಗಳ ಮೊದಲ ಹತ್ತು ದಿನ ಕಪ್ಪುಡುಗೆಯ ಜನ ಕೂಡುತ್ತಾರೆ. ಮಜ್ಲಿಸ್ ಎಂಬ ಸಭೆಗಳಲ್ಲಿ ಕರ್ಬಲಾದ ವೃತ್ತಾಂತವು ದಿನಕ್ಕೊಂದು ಪ್ರಸಂಗದಂತೆ ನಿರೂಪಿತವಾಗುತ್ತದೆ. ಮರ್ಸಿಯಾ, ನೌಹಾ ಎಂಬ ಶೋಕಗೀತೆಗಳು ಕೇಳಿಬರುತ್ತವೆ. ಹತ್ತನೆಯ ದಿನವಾದ ಆಶೂರಾದಂದು ಎದೆ ಬಡಿದುಕೊಳ್ಳುತ್ತ ಮೆರವಣಿಗೆ ಹೊರಡುತ್ತದೆ. ಶಿವಾಜಿನಗರ, ಹಲಸೂರುಗಳ ಮುಸ್ಲಿಮರಲ್ಲಿ ಬಹುಮಂದಿ ಸುನ್ನಿ ಪಂಥದವರಾದುದರಿಂದ ಅಲ್ಲಿ ಈ ದಿನದ ಆಚರಣೆ ಬೇರೆ ಬಗೆಯದು. ಹಲವರು ಉಪವಾಸವಿರುತ್ತಾರೆ, ದಾರಿಯಲ್ಲಿ ಹೋಗುವವರಿಗೆ ಶರಬತ್ತು ಹಂಚುವವರೂ ಉಂಟು. ಬಸ್ಸಿನ ಕಿಟಕಿಯಿಂದ ಇವನ್ನೆಲ್ಲ ನೋಡುವ ನಮ್ಮಂಥವರಿಗೆ ಮೊಹರಮ್ಮೆಂದರೆ ಪಂಚಾಂಗದಲ್ಲಿ ವರ್ಷವರ್ಷಕ್ಕೂ ಹತ್ತು ಹನ್ನೊಂದು ದಿನ ಹಿಂದೆ ಸರಿಯುವ ಒಂದು ರಜೆ, ಅಷ್ಟೆ. ಸತ್ತವರು ಯಾರು, ಕೊಂದವರು ಯಾರು, ಕೊಂದವರೂ ಸತ್ತವರೂ ಒಂದೇ ಮತದವರೂ ಒಂದೇ ಭಾಷೆಯವರೂ ಆಗಿದ್ದುದು ಹೇಗೆ ಎಂಬ ಪ್ರಶ್ನೆಗಳಿಗೆ ಉತ್ತರ ಕರ್ಬಲಾದ ರಣರಂಗಕ್ಕಿಂತ ಹೆಚ್ಚಾಗಿ ಕೂಫಾ ಎಂಬ ಒಂದು ಊರಿನಲ್ಲಿದೆ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಿ ಮುಂದೆ ಹೋಗೋಣ. ಪೈಗಂಬರ್ ಮಹಮ್ಮದರು 632ರಲ್ಲಿ ಕಾಲವಾದ ಮೇಲೆ ಅವರ ಸ್ಥಾನದಲ್ಲಿ ಸಮುದಾಯವನ್ನು ಆಳಿದವರಿಗೆ ಖಲೀಫರೆಂದು ಹೆಸರು. ನಾಲ್ಕನೆಯ ಖಲೀಫರಾದ ಅಲಿಯವರು ಪೈಗಂಬರರ ದಾಯಾದಿ ತಮ್ಮ, ಅವರ ಮಗಳು ಫಾತಿಮಾರ ಪತಿ. 661ರಲ್ಲಿ ಕೂಫಾ ನಗರದಲ್ಲಿ ಅವರ ಹತ್ಯೆಯಾಯಿತು. ಹಿರಿಯ ಮಗ ಹಸನರು ಯುದ್ಧವನ್ನು ಮುಂದುವರಿಸಲೊಲ್ಲದೆ, ಸಿರಿಯಾವನ್ನು ಆಳುತ್ತಿದ್ದ ಉಮಯ್ಯಾ ವಂಶದ ಮುಆವಿಯಾನೊಡನೆ ಸಂಧಿ ಮಾಡಿಕೊಂಡು ಅಧಿಕಾರವನ್ನು ಬಿಟ್ಟುಕೊಟ್ಟರು. ರಾಜಧಾನಿ ಡಮಾಸ್ಕಸಿಗೆ ಹೋಯಿತು. ಹತ್ತೊಂಬತ್ತು ವರ್ಷ ಚಾತುರ್ಯದಿಂದ ಆಳಿದ ಮುಆವಿಯಾ, ತನ್ನ ಮಗ ಯಜೀದನನ್ನು ಉತ್ತರಾಧಿಕಾರಿಯೆಂದು ಸಾರಿ, ಅರಬ್ ಮುಖಂಡರಿಂದ ನಿಷ್ಠಾವಚನವನ್ನು ಪಡೆದುಕೊಂಡು, 680ರ ಏಪ್ರಿಲಿನಲ್ಲಿ ಮೃತನಾದನು. ಅದುವರೆಗೆ ಖಿಲಾಫತ್ತು ತಂದೆಯಿಂದ ಮಗನಿಗೆ ಹೀಗೆ ಘೋಷಣೆಯ ಮೂಲಕ ಆಸ್ತಿಯಂತೆ ಇಳಿದುಬಂದದ್ದಿರಲಿಲ್ಲ. ವಚನ ಕೊಡದೆ ಉಳಿದವರಲ್ಲಿ ಮುಖ್ಯರು ಇಬ್ಬರು, ಅಬ್ದುಲ್ಲಾ ಇಬ್ನ್ ಜುಬೈರ್ ಮತ್ತು ಅಲಿಯವರ ಎರಡನೆಯ ಮಗ ಹುಸೇನರು. ಮದೀನಾದ ಅಧಿಕಾರಿಯಿಂದ ಕರೆ ಬಂದೊಡನೆ ಇಬ್ಬರೂ ಊರು ಬಿಟ್ಟು ಮೆಕ್ಕಾವನ್ನು ಸೇರಿದರು. ಕೂಫಾದಿಂದ ಪತ್ರಗಳು ಬರತೊಡಗಿದ್ದು ಅಲ್ಲಿಗೆ.

ಕೂಫಾ ಎಂತಹ ಊರು? ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಬಹು ಸುಲಭ. ಅದೊಂದು ದಂಡಿನ ಊರು. 1809ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ತೆಗೆದು ಹಲಸೂರಿನ ಬಯಲಿನಲ್ಲಿ ಬಿಡಾರ ಹೂಡಿಸಿದಾಗ ಹೇಗೆ ಪದಾತಿಗಳಿಗೊಂದು ಬೀದಿ, ಅಶ್ವದಳಕ್ಕೊಂದು ಬೀದಿ, ಫಿರಂಗಿಯವರಿಗೊಂದು ಬೀದಿ ಏರ್ಪಟ್ಟು, ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಎಂಬ ಹೆಸರುಗಳು ಇಂದಿಗೂ ಉಳಿದುಕೊಂಡಿವೆಯೋ, ಸಂಬಳದ ದಿನವನ್ನು ನಂಬಿದ ಪೇಟೆಗಳು ಹೇಗೆ ಈಗಿನ ಶಿವಾಜಿನಗರವಾದ ಬ್ಲಾಕ್‌ಪಲ್ಲಿಯ ಸುತ್ತ ಬೆಳೆದುವೋ, ಹಾಗೆಯೇ 638ರಲ್ಲಿ ಸಾದ್ ಇಬ್ನ್ ಅಬೀ ವಕ್ಕಾಸ್ ಎಂಬ ಸೇನಾನಿ ಪಾರಸೀಕ ಸಾಮ್ರಾಜ್ಯವನ್ನು ಸೋಲಿಸಿದ ತನ್ನ ಪಡೆಯನ್ನು ಯೂಫ್ರಟೀಸ್ ನದಿಯ ಬಳಿ ನೆಲೆಗೊಳಿಸಿದಾಗ, ಹಮ್ದಾನ್, ತಮೀಮ್, ಕಿಂದಾ, ಅಸದ್ ಮುಂತಾದ ಕುಲಗಳಿಗೆ ಒಂದೊಂದು ಮೊಹಲ್ಲ ಹಂಚಿಕೆಯಾಯಿತು. ನಡುವೆ ಮಸೀದಿ, ಅದರ ಪಕ್ಕದಲ್ಲಿ ಅಧಿಪತಿಯ ಅರಮನೆ. ಯೋಧರ ಹೆಸರುಗಳು ದೀವಾನ್ ಎಂಬ ದಫ್ತರದಲ್ಲಿ ದಾಖಲಾಗಿದ್ದುವು; ಆ ದಫ್ತರದ ಪ್ರಕಾರ ವರ್ಷಾಶನ ದೊರೆಯುತ್ತಿತ್ತು. ಒಂದೊಂದು ಲಕ್ಷ ದಿರ್ಹಮಿನ ಬಟವಾಡೆಯ ಗುಂಪಿಗೆ ಒಬ್ಬೊಬ್ಬ ಅರೀಫನೆಂಬ ಮೇಸ್ತ್ರಿ. ಆತನ ಮೇಲೆ ಕುಲದ ಮುಖಂಡ. ಮುಖಂಡನ ಮೇಲೆ ಡಮಾಸ್ಕಸ್ಸಿನಿಂದ ನೇಮಕವಾದ ಅಧಿಪತಿ. ಕೂಫಾದ ಜನ ಹೃದಯದಲ್ಲಿ ಅಲಿಯವರ ವಂಶದ ಪಕ್ಷಪಾತಿಗಳು, ಸಿರಿಯಾದ ಯಜಮಾನಿಕೆಯನ್ನು ಕಂಡರೆ ಕುದಿಯುವವರು. ಅವರ ಮನೆಯ ಒಲೆ ಉರಿಯುತ್ತಿದ್ದುದು ಮಾತ್ರ ಸರ್ಕಾರದ ಬಟವಾಡೆಯಿಂದ. ಮುಂದೆ ನಡೆದುದೆಲ್ಲಕ್ಕೂ ಬೀಜ ಇಲ್ಲಿದೆ.

ಸುಲೈಮಾನ್ ಇಬ್ನ್ ಸುರದ್ ಎಂಬ ವೃದ್ಧನ ಮನೆಯಲ್ಲಿ ಸೇರಿದ ಮುಖಂಡರು, ನಮಗೆ ನಾಯಕನಿಲ್ಲ, ನೀವು ಬನ್ನಿ, ಎಂಬರ್ಥದ ಮೊದಲ ಪತ್ರವನ್ನು ಬರೆದರು. ಅದರ ಹಿಂದೆ ನೂರಾರು ಪತ್ರಗಳು ಹೋದುವು. ಎರಡು ಹಸುಬೆ ತುಂಬುವಷ್ಟು. ಬರೆದವರಲ್ಲಿ ಕೆಲವರು ನಿಜವಾದ ಭಕ್ತರು, ಕೆಲವರು ಗಾಳಿ ಬಂದ ಕಡೆಗೆ ತೂರಿಕೊಳ್ಳುವ ದೊಡ್ಡ ಮನುಷ್ಯರು. ಹುಸೇನರು ಅವಸರಪಡಲಿಲ್ಲ. ಊರಿನ ಸ್ಥಿತಿಯನ್ನು ಕಣ್ಣಾರೆ ಕಂಡು ತಿಳಿಸುವುದಕ್ಕಾಗಿ ತಮ್ಮ ದಾಯಾದಿ ಮುಸ್ಲಿಂ ಇಬ್ನ್ ಅಕೀಲನನ್ನು ಕಳುಹಿಸಿದರು. ಹನ್ನೆರಡು ಸಾವಿರವೆಂದು ಕೆಲವರೂ ಹದಿನೆಂಟು ಸಾವಿರವೆಂದು ಕೆಲವರೂ ಹೇಳುವಷ್ಟು ಮಂದಿ ಆತನ ಕೈಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿದರು. ಬರಬಹುದೆಂದು ಆತ ಮೆಕ್ಕಾಕ್ಕೆ ಬರೆದನು. ಸೌಮ್ಯನಾಗಿದ್ದ ಹಳೆಯ ಅಧಿಪತಿಯನ್ನು ಯಜೀದನು ತೆಗೆದುಹಾಕಿ, ಬಸ್ರಾದ ಅಧಿಪತಿಯಾಗಿದ್ದ ಉಬೈದುಲ್ಲಾ ಇಬ್ನ್ ಜಿಯಾದನಿಗೆ ಕೂಫಾವನ್ನೂ ಒಪ್ಪಿಸಿದುದು ಅದೇ ಸಮಯದಲ್ಲಿ. ಕಪ್ಪು ಮುಂಡಾಸು ಧರಿಸಿ ಮುಖ ಮರೆಸಿಕೊಂಡು ಊರೊಳಕ್ಕೆ ಬಂದ ಉಬೈದುಲ್ಲಾನನ್ನು ಜನ ಹುಸೇನರೇ ಬಂದರೆಂದು ಭ್ರಮಿಸಿ, ಪೈಗಂಬರರ ಮೊಮ್ಮಗನೆಂದು ಕೂಗಿ ಸ್ವಾಗತಿಸಿದರಂತೆ. ಆತ ಮಾತಿಲ್ಲದೆ ಎಲ್ಲವನ್ನೂ ಕೇಳಿಸಿಕೊಂಡು ಅರಮನೆ ಸೇರಿದನು. ಯಾವ ಬೀದಿಯಲ್ಲಿ ಎಷ್ಟು ಕೂಗು ಎದ್ದಿತೆಂಬುದು ಆತನಿಗೆ ಮೊದಲ ದಿನವೇ ತಿಳಿದುಹೋಗಿತ್ತು.

ಉಬೈದುಲ್ಲಾನು ಹೊಸ ಸೈನ್ಯವನ್ನೇನೂ ತರಲಿಲ್ಲ. ಇದ್ದ ಯಂತ್ರವನ್ನೇ ತಿರುಗಿಸಿದನು. ಪ್ರತಿಯೊಬ್ಬ ಅರೀಫನೂ ತನ್ನ ಪಟ್ಟಿಯಲ್ಲಿರುವ ಸಂದೇಹಾಸ್ಪದರ ಹೆಸರನ್ನು ಬರೆದುಕೊಡಬೇಕು, ಇಲ್ಲವೆ ತನ್ನ ಗುಂಪಿನಲ್ಲಿ ಯಾರೂ ತಿರುಗಿಬೀಳರೆಂದು ಹೊಣೆ ನಿಲ್ಲಬೇಕು. ತಪ್ಪಿದವನನ್ನು ಅವನ ಮನೆಯ ಬಾಗಿಲಿನಲ್ಲಿಯೇ ಶೂಲಕ್ಕೇರಿಸಲಾಗುವುದು, ಅವನ ಗುಂಪಿನ ಬಟವಾಡೆ ನಿಂತುಹೋಗುವುದು, ಎಂದು ಸಾರಿಸಿದನು. ಮುಸ್ಲಿಂ ಅಡಗಿದ್ದ ಮನೆಯ ಯಜಮಾನ, ಮಜ್‌ಹಿಜ್ ಕುಲದ ಮುಖಂಡ ಹಾನಿ ಇಬ್ನ್ ಉರ್ವಾನನ್ನು ಅರಮನೆಗೆ ಕರೆಸಿ ಹೊಡೆದು ಸೆರೆಯಲ್ಲಿಟ್ಟನು. ಕುಲದವರು ಆಯುಧಪಾಣಿಗಳಾಗಿ ಅರಮನೆಯನ್ನು ಮುತ್ತಿದಾಗ, ಊರಿನ ನ್ಯಾಯಾಧೀಶ ಶುರೈಹನು ಹೊರಗೆ ಬಂದು, ನಿಮ್ಮವನು ಬದುಕಿದ್ದಾನೆ, ಎಂದದ್ದೇ ತಡ, ಅವರು ಮನೆಗೆ ಹೊರಟುಹೋದರು. ಮುಸ್ಲಿಮನು ಇನ್ನು ತಡೆಯಲಾರದೆ ನಾಲ್ಕು ಸಾವಿರ ಜನರೊಡನೆ ಅರಮನೆಯನ್ನು ಸುತ್ತುಗಟ್ಟಿದನು. ಒಳಗಿದ್ದವರೆಂದರೆ ಮೂವತ್ತು ಮಂದಿ ಕಾವಲುಗಾರರು, ಇಪ್ಪತ್ತು ಮಂದಿ ಮುಖಂಡರು. ಆ ಇಪ್ಪತ್ತು ಮಂದಿ ಮಾಳಿಗೆಯ ಮೇಲಿಂದ ತಮ್ಮ ತಮ್ಮ ಕುಲದವರನ್ನು ಹೆಸರು ಹಿಡಿದು ಕೂಗಿ, ಸಿರಿಯಾದ ಸೈನ್ಯ ಬರುತ್ತಿದೆ, ಬಟವಾಡೆ ನಿಲ್ಲುತ್ತದೆ, ಎಂದು ಹೆದರಿಸಿದರು. ತಾಯಂದಿರು ಬಂದು ಮಕ್ಕಳ ಕೈ ಹಿಡಿದು, ನೀನು ಬಾ, ಉಳಿದವರು ಸಾಕು, ಎಂದು ಎಳೆದುಕೊಂಡು ಹೋದರು. ಅಣ್ಣಂದಿರು ತಮ್ಮಂದಿರನ್ನು ಕರೆದೊಯ್ದರು. ಸಂಜೆಯ ನಮಾಜಿಗೆ ಮುಸ್ಲಿಮನ ಹಿಂದೆ ನಿಂತವರು ಮೂವತ್ತು ಜನ. ಮಸೀದಿಯ ಬಾಗಿಲು ದಾಟುವಾಗ ಹತ್ತು. ಬೀದಿಗೆ ಬಂದು ಹಿಂದಿರುಗಿ ನೋಡಿದರೆ ದಾರಿ ತೋರಿಸುವುದಕ್ಕೂ ಒಬ್ಬನಿಲ್ಲ. ಸಾವಿರಾರು ಜನರ ಪ್ರತಿಜ್ಞೆಯನ್ನು ಪಡೆದವನಿಗೆ ಅಂದು ರಾತ್ರಿ ನೀರು ಕೊಟ್ಟು ಮರೆಮಾಡಿದವಳು ತೌಆ ಎಂಬ ಒಬ್ಬ ಮುದುಕಿ. ಮರುದಿನ ಅವನೂ ಹಾನಿಯೂ ಹತರಾದರು. ಕರ್ಬಲಾ ಸೋತುದು ಆ ಸಂಜೆಯಲ್ಲಿ ಎಂದು ನಾನು ತಿಳಿಯುತ್ತೇನೆ. ಇಪ್ಪತ್ತು ನಾಲ್ಗೆಗಳು, ಒಂದು ಸಂಬಳದ ಪಟ್ಟಿ, ಇಷ್ಟರಿಂದಲೇ ನಾಲ್ಕು ಸಾವಿರ ಕತ್ತಿಗಳು ಒರೆ ಸೇರಿದುವು.

ಈ ಸುದ್ದಿಯನ್ನರಿಯದೆ ಹುಸೇನರು ಸೆಪ್ಟೆಂಬರಿನಲ್ಲಿ ಹೆಂಗಸರು ಮಕ್ಕಳೊಡನೆ ಮೆಕ್ಕಾವನ್ನು ಬಿಟ್ಟಿದ್ದರು. ಹೋಗಬೇಡಿರೆಂದು ಹಿತೈಷಿಗಳು ಹೇಳಿದ್ದರು. ದಾರಿಯಲ್ಲಿ ಎದುರಾದ ಕವಿ ಫರಜ್ದಕನು, ಕೂಫಾದವರ ಹೃದಯ ನಿಮ್ಮ ಕಡೆಗಿದೆ, ಕತ್ತಿ ಉಮಯ್ಯಾಗಳ ಕಡೆಗಿದೆ, ಎಂಬ ಭಾವದ ಮಾತನ್ನಾಡಿದನೆಂದು ಪ್ರತೀತಿ. ಅರ್ಧ ದಾರಿ ಕಳೆದ ಮೇಲೆ ಮುಸ್ಲಿಮನ ಮರಣವಾರ್ತೆ ಮುಟ್ಟಿತು. ಹುಸೇನರು ಅದನ್ನು ಬಚ್ಚಿಡಲಿಲ್ಲ; ಹೋಗುವವರು ಹೋಗಬಹುದೆಂದರು; ವಿಜಯದ ಪಾಲಿಗಾಗಿ ದಾರಿಯಲ್ಲಿ ಸೇರಿಕೊಂಡಿದ್ದವರೆಲ್ಲ ಎಡಕ್ಕೂ ಬಲಕ್ಕೂ ಚದುರಿಹೋದರು. ಮುಂದೆ ಹುರ್ ಇಬ್ನ್ ಯಜೀದನೆಂಬ ತಮೀಮ್ ಕುಲದ ನಾಯಕ ಸಾವಿರ ಕುದುರೆಗಳೊಡನೆ ಅಡ್ಡಗಟ್ಟಿದಾಗ ಹುಸೇನರು ಪತ್ರಗಳ ಹಸುಬೆಗಳನ್ನು ತರಿಸಿ ಅವನೆದುರು ಸುರುವಿದರಂತೆ. ನಾನು ಬರೆದವನಲ್ಲ ಎಂದನು ಹುರ್. ಅದು ಸತ್ಯವೂ ಆಗಿದ್ದಿತು. ಕೂಫಾಕ್ಕೂ ಬಿಡದೆ ಹಿಂದಕ್ಕೂ ಬಿಡದೆ ಆತ ತಂಡದ ಪಕ್ಕದಲ್ಲಿಯೇ ನಡೆಯುತ್ತ, ಅಕ್ಟೋಬರ್ 2ರಂದು ಅವರನ್ನು ಕರ್ಬಲಾ ಎಂಬ ಬಯಲಿನಲ್ಲಿ ಇಳಿಸಿದನು. ಕೂಫಾದಿಂದ ವಾಯವ್ಯಕ್ಕೆ ಅದು ಸುಮಾರು ಎಪ್ಪತ್ತು ಕಿಲೋಮೀಟರು.

ಮರುದಿನ ನಾಲ್ಕು ಸಾವಿರ ಸೈನಿಕರೊಡನೆ ಬಂದ ದಳಪತಿ ಉಮರ್, ಕೂಫಾವನ್ನು ಕಟ್ಟಿದ ಅದೇ ಸಾದನ ಮಗ. ಅವನ ಕಥೆ ಒಂದು ನಾಟಕಕ್ಕೆ ಸಾಲುವಷ್ಟಿದೆ. ಈಗಿನ ತೆಹರಾನಿನ ಬಳಿಯ ರಯ್ ಪ್ರಾಂತದ ಅಧಿಕಾರವನ್ನು ಕೊಡುವುದಾಗಿ ಅವನಿಗೆ ನೇಮಕಪತ್ರ ಆಗಲೇ ದೊರೆತಿತ್ತು. ಮೊದಲು ಹುಸೇನರ ವಿಷಯವನ್ನು ಮುಗಿಸಿ ಆಮೇಲೆ ಹೋಗೆಂದು ಉಬೈದುಲ್ಲಾ ತಡೆದನು. ಒಲ್ಲೆನೆಂದರೆ ಪತ್ರವನ್ನು ಹಿಂದಿರುಗಿಸು ಎಂದನು. ಉಮರನು ಒಂದು ರಾತ್ರಿ ಅವಧಿ ಬೇಡಿ, ಬಂಧುಗಳ ಬುದ್ಧಿಮಾತನ್ನು ಕೇಳಿ, ಬೆಳಗಾಗುವಷ್ಟರಲ್ಲಿ ರಯ್ ಪ್ರಾಂತವನ್ನು ಆರಿಸಿಕೊಂಡನು. ಆದರೂ ಯುದ್ಧವಿಲ್ಲದೆ ಮುಗಿಸುವ ಆಸೆ ಅವನಿಗಿದ್ದಿತು. ಹುಸೇನರೊಡನೆ ಮಾತುಕತೆ ನಡೆಸಿ, ಅವರು ಬಂದ ದಾರಿಯಲ್ಲಿ ಹಿಂದಿರುಗಲು ಸಿದ್ಧರೆಂದು ಬರೆದನು. ಯಜೀದನ ಕೈಗೆ ಕೈಯಿಡುವುದಕ್ಕೂ ಅವರು ಒಪ್ಪಿದ್ದರೆಂದು ಕೆಲವು ವರದಿಗಳು. ಹುಸೇನರ ಪತ್ನಿಯ ಸೇವಕನಾಗಿದ್ದು ಬದುಕಿ ಉಳಿದ ಉಕ್ಬಾ ಎಂಬವನು ಮಾತ್ರ, ನಾನು ಕೊನೆಯವರೆಗೂ ಜೊತೆಯಲ್ಲಿದ್ದೆ, ಅಂಥ ಮಾತನ್ನು ಅವರು ಎಂದೂ ಆಡಲಿಲ್ಲ, ಎಂದು ಸಾಕ್ಷ್ಯ ನುಡಿದಿದ್ದಾನೆ. ಉಬೈದುಲ್ಲಾನ ಮನಸ್ಸು ಕ್ಷಣಕಾಲ ಮೆತ್ತಗಾಯಿತು. ಪಕ್ಕದಲ್ಲಿದ್ದ ಶಿಮ್ರನೆಂಬವನು, ಕೈಗೆ ಸಿಕ್ಕಿದವನನ್ನು ಬಿಟ್ಟರೆ ಅವನು ಬಲಿಷ್ಠ, ನೀನು ದುರ್ಬಲ, ಎಂದು ಕಿವಿಯೂದಿದನು. ನಿರ್ಣಾಯಕ ಆಜ್ಞೆಯನ್ನು ಹೊತ್ತು ಶಿಮ್ರನೇ ಕರ್ಬಲಾಕ್ಕೆ ಬಂದನು: ಷರತ್ತಿಲ್ಲದ ಶರಣಾಗತಿ, ಇಲ್ಲವೆ ಯುದ್ಧ, ಉಮರನಿಗೆ ಕೈಲಾಗದಿದ್ದರೆ ದಳಪತಿಯ ಪದವಿ ಶಿಮ್ರನಿಗೆ.

ಮೊಹರಂ ಏಳರಿಂದಲೇ ನದಿಯ ದಾರಿಗೆ ಕಾವಲು ಬಿದ್ದು ನೀರು ನಿಂತುಹೋಗಿತ್ತು. ಒಂಬತ್ತರ ಸಂಜೆ ಸೈನ್ಯ ಮುಂದೊತ್ತಿದಾಗ ಹುಸೇನರು ಪ್ರಾರ್ಥನೆಗೆಂದು ಒಂದು ರಾತ್ರಿಯನ್ನು ಕೇಳಿ ಪಡೆದರು. ತಮ್ಮವರನ್ನೆಲ್ಲ ಕರೆದು, ಇವರಿಗೆ ಬೇಕಾದವನು ನಾನೊಬ್ಬ, ಕತ್ತಲೆಯ ಮರೆಯಲ್ಲಿ ನೀವು ಹೊರಟುಹೋಗಿ, ನಿಮ್ಮ ಪ್ರತಿಜ್ಞೆಯ ಕಟ್ಟನ್ನು ಬಿಚ್ಚಿದ್ದೇನೆ, ಎಂದರು. ಅವರು ಹೋಗಲಿಲ್ಲ. ಬೆಳಗಾದಾಗ ಅವರ ಕಡೆ ಮೂವತ್ತೆರಡು ಕುದುರೆಸವಾರರು, ನಲವತ್ತು ಪದಾತಿಗಳು. ಎದುರಿನ ಪಡೆಯಲ್ಲಿ ಪದಾತಿಗಳ ನಾಯಕನಾಗಿ ನಿಂತಿದ್ದ ಶಬಸ್ ಇಬ್ನ್ ರಿಬ್ಈ, ಬನ್ನಿರೆಂದು ಪತ್ರ ಬರೆದವರಲ್ಲಿ ಒಬ್ಬ. ಹುಸೇನರು ಅವನನ್ನು ಹೆಸರು ಹಿಡಿದು ಕರೆದು ಕೇಳಿದರು. ಅವನು ಬರೆದೇ ಇಲ್ಲವೆಂದನು. ಪತ್ರ ಬರೆಯದಿದ್ದ ಹುರ್ ಮಾತ್ರ ಕುದುರೆಯನ್ನು ಮೆಲ್ಲಗೆ ನಡೆಸುತ್ತ ಈಚೆಗೆ ಬಂದು, ದಾರಿ ತಡೆದದ್ದಕ್ಕೆ ಕ್ಷಮೆ ಬೇಡಿ, ಹುಸೇನರ ಪರವಾಗಿ ಹೋರಾಡಿ ಮಡಿದನು. ಮಧ್ಯಾಹ್ನದ ಹೊತ್ತಿಗೆ ಸಂಗಡಿಗರು, ಆಮೇಲೆ ಮನೆಯವರು, ಮಗ ಅಲಿ ಅಕ್ಬರ್, ಹಸನರ ಮಗ ಕಾಸಿಂ, ನೀರು ತರಲು ಹೋದ ತಮ್ಮ ಅಬ್ಬಾಸ್, ತೋಳಿನಲ್ಲಿದ್ದ ಹಸುಗೂಸು, ಕಡೆಗೆ ಹುಸೇನರು. ಅಂದು ಹಿಜರಿ 61ನೆಯ ವರ್ಷದ ಮೊಹರಂ ಹತ್ತು, ಎಂದರೆ 680ರ ಅಕ್ಟೋಬರ್ 10. ಎದುರು ಪಕ್ಷದಲ್ಲಿ ಸತ್ತವರು ಎಂಬತ್ತೆಂಟು ಮಂದಿ. ಜ್ವರದಿಂದ ಮಲಗಿದ್ದ ಮಗ ಜೈನುಲ್ ಆಬಿದೀನರು ಉಳಿದುಕೊಂಡರು. ಅವರನ್ನೂ ಹೆಂಗಸರನ್ನೂ ಸೆರೆಹಿಡಿದು ಕೂಫಾಕ್ಕೂ ಅಲ್ಲಿಂದ ಡಮಾಸ್ಕಸಿಗೂ ಒಯ್ದರು. ಯಜೀದನ ಸಭೆಯಲ್ಲಿ ಹುಸೇನರ ತಂಗಿ ಜೈನಬರು ತಲೆಬಾಗದೆ ಆಡಿದ ಮಾತು ಮಜ್ಲಿಸುಗಳಲ್ಲಿ ಇಂದಿಗೂ ಪುನರುಕ್ತವಾಗುತ್ತದೆ.

ಇದನ್ನು ದಂಗೆಯೆನ್ನಬಹುದೆ? ಡಮಾಸ್ಕಸ್ಸಿನ ದೃಷ್ಟಿಯಲ್ಲಿ ಖಲೀಫನಿಗೆ ವಚನ ಕೊಡದವನು, ಅತೃಪ್ತ ಪ್ರಾಂತವೊಂದರ ಆಹ್ವಾನದ ಮೇಲೆ ಹೊರಟವನು, ದಂಗೆಗಾರನೇ. ಶಿಯಾಗಳಿಗೆ ಹುಸೇನರು ಧರ್ಮಸಮ್ಮತವಾದ ಇಮಾಮರು, ಮೂರನೆಯವರು, ದಂಗೆಯೆದ್ದವನು ಯಜೀದ. ಸುನ್ನಿ ವಿದ್ವಾಂಸರಲ್ಲಿ ಯಜೀದನ ಹೊಣೆ ಎಷ್ಟು, ಉಬೈದುಲ್ಲಾನದೆಷ್ಟು ಎಂಬ ಬಗ್ಗೆ ವಾದವುಂಟಾದರೂ ಹುಸೇನರ ವಿಷಯದ ಗೌರವದಲ್ಲಿ ಕೊರತೆಯಿಲ್ಲ. ಈ ವೃತ್ತಾಂತ ನಮಗೆ ಇಷ್ಟು ಸವಿಸ್ತಾರವಾಗಿ ತಿಳಿದಿರುವುದು, ಕೂಫಾದವನೇ ಆಗಿ 774ರಲ್ಲಿ ತೀರಿಕೊಂಡ ಅಬೂ ಮಿಖ್ನಫನು ಕಂಡವರನ್ನೂ ಕಂಡವರಿಂದ ಕೇಳಿದವರನ್ನೂ ವಿಚಾರಿಸಿ ಸಂಗ್ರಹಿಸಿದುದರಿಂದ, ಮತ್ತು ಅವನ ಬರಹವನ್ನು 923ರಲ್ಲಿ ಮೃತನಾದ ಇತಿಹಾಸಕಾರ ತಬರಿಯು ತನ್ನ ಬೃಹದ್ಗ್ರಂಥದೊಳಕ್ಕೆ ಇಳಿಸಿಕೊಂಡುದರಿಂದ. ತಾನು ಹುಟ್ಟಿದ ಊರಿನ ಅಪಕೀರ್ತಿಯನ್ನು ಅಬೂ ಮಿಖ್ನಫನು ಮುಚ್ಚಿಟ್ಟಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಕೂಫಾದವರಿಗೆ ಆ ಅಪಕೀರ್ತಿ ತಡವಾಗಿ ಸುಟ್ಟಿತು. ಮೊದಲ ಪತ್ರ ಬರೆಸಿ, ಕಾಲ ಬಂದಾಗ ಮನೆಯಲ್ಲಿ ಕುಳಿತಿದ್ದ ಸುಲೈಮಾನ್ ಇಬ್ನ್ ಸುರದನು, 683ರಲ್ಲಿ ಯಜೀದ ಸತ್ತು ಅಧಿಕಾರ ಸಡಿಲವಾದಾಗ, ಪ್ರಾಯಶ್ಚಿತ್ತಕ್ಕಾಗಿ ಸಾಯಲು ಸಿದ್ಧರಾದವರನ್ನು ಕೂಡಿಸತೊಡಗಿದನು. ಹದಿನಾರು ಸಾವಿರ ಮಂದಿ ಹೆಸರು ಬರೆಸಿದರು. 684ರ ಕೊನೆಯಲ್ಲಿ ಗೊತ್ತಾದ ಸ್ಥಳಕ್ಕೆ ಬಂದವರು ನಾಲ್ಕು ಸಾವಿರ. ಶತ್ರುವಿನೆಡೆಗೆ ಹೋಗುವ ಮೊದಲು ಅವರು ಕರ್ಬಲಾಕ್ಕೆ ಹೋಗಿ, ಹುಸೇನರ ಸಮಾಧಿಯ ಮುಂದೆ ಒಂದು ಹಗಲು ಒಂದು ರಾತ್ರಿ ಗೋಳಾಡಿ ಅತ್ತರು. ಮುಂದಿನ ಜನವರಿಯಲ್ಲಿ ಐನುಲ್ ವರ್ದಾ ಎಂಬಲ್ಲಿ ಸಿರಿಯಾದ ಸೈನ್ಯದೆದುರು ಬಹುತೇಕ ಎಲ್ಲರೂ ಮಡಿದರು. ವೃದ್ಧ ಸುಲೈಮಾನನೂ ಮಡಿದನು. ಕರ್ಬಲಾದಲ್ಲಿ ದೊಡ್ಡ ಸಮೂಹವಾಗಿ ಕೂಡಿ ಅತ್ತವರಲ್ಲಿ ಮೊದಲಿಗರು ಹೀಗೆ ಹುಸೇನರನ್ನು ಕರೆಸಿ ಕೈಬಿಟ್ಟವರು. ಎದೆ ಬಡಿದುಕೊಳ್ಳುವ ಶೋಕದಲ್ಲಿ ವಿರಹದ ನೋವಿಗಿಂತ ಮಿಗಿಲಾದ ಏನೋ ಒಂದು, ತಪ್ಪೊಪ್ಪಿಗೆಯ ಹಾಗಿರುವುದು, ಕೇಳಿಸುವುದಾದರೆ ಅದರ ಕಾರಣ ಇಲ್ಲಿರಬಹುದು. 685ರಲ್ಲಿ ಹುಸೇನರ ಸೇಡಿನ ಹೆಸರಿನಲ್ಲಿ ಕೂಫಾವನ್ನು ವಶಪಡಿಸಿಕೊಂಡ ಮುಖ್ತಾರನೆಂಬವನು ಶಿಮ್ರನನ್ನೂ, ರಯ್ ಪ್ರಾಂತದ ಮುಖವನ್ನೇ ಕಾಣದೆ ಹೋದ ಉಮರನನ್ನೂ ಕೊಲ್ಲಿಸಿದನು. 686ರಲ್ಲಿ ಅವನ ಸೇನೆ ಉಬೈದುಲ್ಲಾನನ್ನು ರಣದಲ್ಲಿ ಕೆಡವಿತು. ಮರುವರ್ಷ ಮುಖ್ತಾರನನ್ನೂ ಅದೇ ಊರಿನ ಮುಖಂಡರು ಶತ್ರುಗಳೊಡನೆ ಸೇರಿ ಮುಗಿಸಿದರು.

ಇರಾಕಿನ ದಂಡುಗಳು ಉಮಯ್ಯಾಗಳ ಮೇಲೆ ಎದ್ದ ದಂಗೆಗಳಲ್ಲಿ ಅತ್ಯಂತ ದೊಡ್ಡದು ಇನ್ನೂ ಮುಂದಿತ್ತು. ಮುಸ್ಲಿಂ ಇಬ್ನ್ ಅಕೀಲನಿಗೆ ಅಭಯ ಹೇಳಿ ಹಿಡಿದುಕೊಟ್ಟ ಕಿಂದಾ ಕುಲದ ಮುಖಂಡನೊಬ್ಬನಿದ್ದನು; ಅವನ ಮಗ ಇಬ್ನುಲ್ ಅಶ್‌ಅಸನು, ಇರಾಕಿನ ಕಠೋರ ಅಧಿಪತಿ ಹಜ್ಜಾಜನಿಂದ ದೂರದ ಸೀಸ್ತಾನಿಗೆ ದಂಡಯಾತ್ರೆಗೆ ಅಟ್ಟಲ್ಪಟ್ಟು, ಬೇಸತ್ತ ಸೈನ್ಯವನ್ನೇ ತಿರುಗಿಸಿಕೊಂಡು 701ರ ಸುಮಾರಿನಲ್ಲಿ ಕೂಫಾಕ್ಕೆ ಬಂದನು. ಡಮಾಸ್ಕಸ್ಸಿನ ಖಲೀಫ ಅಬ್ದುಲ್ ಮಲಿಕ್ ಹೆದರಿ, ಹಜ್ಜಾಜನನ್ನು ತೆಗೆಯುತ್ತೇನೆ, ನಿಮ್ಮ ಸಂಬಳವನ್ನು ಸಿರಿಯಾದವರ ಸಮಕ್ಕೆ ಏರಿಸುತ್ತೇನೆ, ಎಂದು ಹೇಳಿಕಳುಹಿಸಿದನು. ನಾಯಕನು ಒಪ್ಪಬಹುದೆಂದರೂ ಪಡೆ ಒಪ್ಪಲಿಲ್ಲ. ದೈರುಲ್ ಜಮಾಜಿಮಿನ ಯುದ್ಧದಲ್ಲಿ ಸೋಲಾಯಿತು. ಹಜ್ಜಾಜನು ವಾಸಿತ್ ಎಂಬ ಹೊಸ ದಂಡಿನ ಊರನ್ನೇ ಕಟ್ಟಿ ಅಲ್ಲಿ ಸಿರಿಯಾದ ಸೈನಿಕರನ್ನು ನೆಲೆಗೊಳಿಸಿದನು. 740ರಲ್ಲಿ ಹುಸೇನರ ಮೊಮ್ಮಗ ಜೈದರು ಕೂಫಾವನ್ನು ನಂಬಿ ಎದ್ದಾಗ ಹೆಸರು ಕೊಟ್ಟವರು ಹದಿನೈದು ಸಾವಿರ, ಬಂದವರು 218. ತಾತನಿಗೆ ಆದುದೇ ಮೊಮ್ಮಗನಿಗೂ ಆಯಿತು. ಉಮಯ್ಯಾ ವಂಶ 750ರಲ್ಲಿ ನಿರ್ಮೂಲವಾದದ್ದು ಪೂರ್ವದ ಖುರಾಸಾನಿನಿಂದ ಬಂದ ಸೈನ್ಯದ ಕೈಯಲ್ಲಿ.

ಗೆದ್ದ ಯಜೀದನ ಹೆಸರಿನಲ್ಲಿ ಹಬ್ಬವಿಲ್ಲ. ಸೋತ ಹುಸೇನರ ಶೋಕ ಪಾರಸೀಕ ದೇಶದಿಂದ ಸಮುದ್ರಮಾರ್ಗವಾಗಿ ದಕ್ಷಿಣಾಪಥಕ್ಕೆ ಬಂದು, ಹದಿನಾರನೆಯ ಶತಮಾನದ ಆದಿಯಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನನು ಶಿಯಾ ಪಂಥವನ್ನು ರಾಜಮತವೆಂದು ಸಾರಿದುದರಿಂದ ಆಶ್ರಯವನ್ನು ಪಡೆಯಿತು. ಅವನ ಪೀಳಿಗೆಯ ಅರಸರು ಪಂಥವನ್ನು ಮತ್ತೆ ಮತ್ತೆ ಬದಲಾಯಿಸಿದರು. ಹಳ್ಳಿಯ ಜನ ಅದನ್ನೆಲ್ಲ ಲೆಕ್ಕಕ್ಕಿಡದೆ ಹಸನ್ ಹುಸೇನರನ್ನು ತಮ್ಮ ದೇವರುಗಳ ಸಾಲಿಗೆ ಸೇರಿಸಿಕೊಂಡರು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಜಾತಿ ಮತದ ಭೇದವಿಲ್ಲದೆ ಜನಸಾಗರ ನೆರೆಯುತ್ತದೆ. ಉತ್ತರ ಕರ್ನಾಟಕದ ಊರೂರಿನಲ್ಲಿ ಅಲಾಯಿ ದೇವರ ಪಂಜಾಗಳೆಂಬ ಹಸ್ತಾಕಾರದ ಲಾಂಛನಗಳು ಕೂಡುತ್ತವೆ. ಕುಣಿ ತೋಡಿ ಬೆಂಕಿ ಹಾಕುತ್ತಾರೆ. ಹರಕೆ ಹೊತ್ತವರು ಫಕೀರರಾಗುತ್ತಾರೆ, ಸಕ್ಕರೆ ಓದಿಸುತ್ತಾರೆ, ಚೋಂಗೆ ಎಂಬ ಸಿಹಿ ಮಾಡಿ ಹಂಚುತ್ತಾರೆ. ಹೆಜ್ಜೆಮೇಳದವರು ಕರ್ಬಲಾದ ಕಥೆಯ ರಿವಾಯತ್ ಪದಗಳನ್ನು ಅಚ್ಚ ಕನ್ನಡದಲ್ಲಿ ಹಾಡುತ್ತಾರೆ. ಬೆಳಗಾವಿ ಜಿಲ್ಲೆಯ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲದಿದ್ದರೂ ಮಸೀ‌ದಿ ಉಂಟು, ಮೊಹರಮ್ಮೂ ಉಂಟು. ಹಳೆಯ ಮೈಸೂರು ಸೀಮೆಯಲ್ಲಿ ಇದಕ್ಕೇ ಬಾಬಯ್ಯನ ಹಬ್ಬವೆಂದು ಹೆಸರು. ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಊರಿನ ಬಹುಸಂಖ್ಯಾತರೇ ಶಿಯಾಗಳಾದುದರಿಂದ ಶೋಕ ಅದರ ಮೂಲಸ್ವರೂಪದಲ್ಲಿ, ಕುಣಿತವಿಲ್ಲದೆ, ನಡೆಯುತ್ತದೆ. ಶೋಕವನ್ನು ಹಬ್ಬವನ್ನಾಗಿ ಮಾಡಿದುದು ಸರಿಯಲ್ಲವೆಂದು ಧರ್ಮಶಾಸ್ತ್ರಜ್ಞರು ಆಕ್ಷೇಪಿಸುತ್ತಾರೆ; ಅವರ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಪರದೇಶದ ದುಃಖವೊಂದನ್ನು ಕನ್ನಡದ ಹಳ್ಳಿಗಾರ ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ದೇವರನ್ನಾಗಿಸಿ, ಮನೆಯೊಳಕ್ಕೆ ಕರೆದುಕೊಂಡನು.

ಉತ್ತರ ಕರ್ನಾಟಕದ ರಿವಾಯತ್ ಪದಗಳನ್ನು ಜಾನಪದ ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ. ನಮ್ಮ ಕಡೆಯ ಬಾಬಯ್ಯನ ಹಬ್ಬಕ್ಕೂ ಅಂಥ ಗಮನ ಸಲ್ಲಬೇಕು. ಕೃಷ್ಣರಾಜಪುರ, ಹೊಸಕೋಟೆಯ ದಾರಿಯ ಹಳ್ಳಿಗಳು ಒಂದೊಂದಾಗಿ ಬಡಾವಣೆಗಳಾಗುತ್ತಿವೆ, ಇಂದಿರಾನಗರವಂತೂ ಎಂದೋ ಬಡಾವಣೆಯಾಯಿತು. ಆ ಪ್ರಾಂತದ ಓದುಗರು ತಮ್ಮ ಮನೆಯ ಅಜ್ಜ ಅಜ್ಜಿಯರನ್ನು, ಊರಿನಲ್ಲಿ ಬಾಬಯ್ಯನನ್ನು ಕೂಡಿಸುತ್ತಿದ್ದರೆ, ಎಲ್ಲಿ ಕೂಡಿಸುತ್ತಿದ್ದರು, ಯಾವ ಹಾಡು ಹಾಡುತ್ತಿದ್ದರು, ಎಂದು ಕೇಳಿ ಬರೆದಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ.